ಗೊಂಬೆಯೆಂದು ನಕ್ಕವರು

ಕಳೆದ ವಾರ ನಮ್ಮ ಕಚೇರಿಗೆ ಒಂದು ಲಾವಣಿ ಬಂತು. ಬರೆದವರು ಪರಕೀಯರಲ್ಲ, ಗಿರಣಿಯಲ್ಲಿ ರಾತ್ರಿ ಪಾಳಿ ಮುಗಿಸಿ, ನಿದ್ದೆಗೆಟ್ಟು ಬರೆದ ನಮ್ಮ ಸಂಗಾತಿಯೇ. ಹೊಸದಾಗಿ ಆರಿಸಿ ಬಂದ ಧುರೀಣರೊಬ್ಬರ ಮೇಲೆ ಹನ್ನೆರಡು ನುಡಿ! ಅವರ ತೊದಲು, ಅವರ ನಡಿಗೆ, ಹೊಟ್ಟೆಯ ಸುತ್ತಳತೆ, ಮನೆಯಾಕೆಯ ಸೀರೆ, ಒಂದನ್ನೂ ಬಿಟ್ಟಿಲ್ಲ. ಓದಿದವರು ಬಿದ್ದು ಬಿದ್ದು ನಕ್ಕರು. ನಾವೂ ನಕ್ಕೆವು, ಸುಳ್ಳೇಕೆ ಹೇಳಬೇಕು? ಆದರೆ ಅಚ್ಚು ಹಾಕಲಿಲ್ಲ. ಅಂದಿನಿಂದ ಚಹದಂಗಡಿಗಳಲ್ಲಿ ನಮ್ಮ ಮೇಲೆಯೇ ಲಾವಣಿ ಶುರುವಾಗಿದೆ: ಪತ್ರಿಕೆ ಮೆತ್ತಗಾಯಿತಂತೆ, ಗೆದ್ದವರ ಕಡೆ ಕಣ್ಣು ಹಾಯಿಸುತ್ತಿದೆಯಂತೆ.

ಮೆತ್ತಗಾಗಿಲ್ಲ, ಸಂಗಾತಿಗಳೇ. ಆ ಹನ್ನೆರಡು ನುಡಿಗಳಲ್ಲಿ ಬಾಕಿ ಬಿದ್ದಿರುವ ಬೋನಸ್ಸಿನ ಬಗ್ಗೆ ಒಂದು ಸಾಲಿಲ್ಲ. ಸಂತೆಯ ಕಟ್ಟೆಯ ಮೇಲೆ ಕೂತು ಮಾರುವವನ ಸುಂಕದ ಬಗ್ಗೆ ಒಂದು ಸಾಲಿಲ್ಲ. ಅಂಥ ಲಾವಣಿಯನ್ನು ನಮ್ಮ ಪಕ್ಷ ಹಿಂದೊಮ್ಮೆ ದಿಲ್ಲಿಯ ಮಟ್ಟದಲ್ಲೇ ಹಾಡಿತ್ತು. ಅದಕ್ಕೆ ತೆತ್ತ ಬೆಲೆ ಮರೆತವರಿಗೆ ನೆನಪು ಮಾಡಿಕೊಡಬೇಕಾಗಿದೆ.

1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ತೀರಿಕೊಂಡರು. ಎಂಟು ದಿನಗಳಲ್ಲಿ ಕಾಂಗ್ರೆಸ್ ಸಂಸದೀಯ ಪಕ್ಷ ಹೊಸ ನಾಯಕರನ್ನು ಆರಿಸಿತು. ಇಂದಿರಾ ಗಾಂಧಿಯವರಿಗೆ 355 ಮತ, ಮೊರಾರ್ಜಿ ದೇಸಾಯಿಯವರಿಗೆ 169. ಕಾಮರಾಜರೂ ಅವರ ಜೊತೆಗಾರ ದೊಡ್ಡ ಕುಳಗಳೂ ಆಕೆಯನ್ನು ಗದ್ದುಗೆಗೆ ಏರಿಸಿದ್ದು ಪ್ರೀತಿಯಿಂದಲ್ಲ. ದಾರ ತಮ್ಮ ಬೆರಳಿನಲ್ಲೇ ಇರುತ್ತದೆಂಬ ಲೆಕ್ಕಾಚಾರದಿಂದ. ಲೋಕಸಭೆಯಲ್ಲಿ ಆಗ ಆಕೆ ಮಾತಿಗೆ ತಡವರಿಸುತ್ತಿದ್ದರು, ಕಾಗದ ನೋಡಿ ಓದುತ್ತಿದ್ದರು. ಇದನ್ನು ಕಂಡು ನಮ್ಮ ಡಾಕ್ಟರ್ ರಾಮಮನೋಹರ ಲೋಹಿಯಾ ಒಂದು ಹೆಸರಿಟ್ಟರು: ಗೂಂಗಿ ಗುಡಿಯಾ, ಮೂಕ ಗೊಂಬೆ.

ಆ ಹೆಸರು ದೇಶವೆಲ್ಲ ಓಡಿತು. ಓಡದೆ ಏನು? ಸಂತೆಯಲ್ಲಿ ಕೂಗುವುದಕ್ಕೆ ಸುಲಭ, ಕೂಗಿದವನಿಗೆ ಖರ್ಚಿಲ್ಲ.

ಲೋಹಿಯಾರನ್ನು ಹಳಿಯಲು ನಾವು ಲೇಖಣಿ ಹಿಡಿದಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಭೂಮಾಲೀಕರಿಗೆ ಎದುರು ನಿಂತಾಗ, ಎಲ್ಲಿಯ ಉತ್ತರ ಪ್ರದೇಶ ಎಲ್ಲಿಯ ಸಾಗರ ಎನ್ನದೆ ಬಂದು ಬಂಧನಕ್ಕೊಳಗಾದವರು ಅವರು. ಆದರೆ ಅದೇ ಲೋಹಿಯಾ ಮೂರು ವರ್ಷ ಮೊದಲು, 1963ರಲ್ಲಿ, ಅಣಕ ಎಂದರೆ ಹೇಗಿರಬೇಕೆಂದು ನಮಗೆಲ್ಲ ಕಲಿಸಿದ್ದರಲ್ಲ! ಆ ಆಗಸ್ಟಿನಲ್ಲಿ ನೆಹರೂ ಸರ್ಕಾರದ ಮೇಲೆ ಮೊದಲ ಅವಿಶ್ವಾಸ ಗೊತ್ತುವಳಿ ಬಂದಾಗ ಅವರು ಎದ್ದು ನಿಂತು ಹೇಳಿದ್ದೇನು? ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯೊಬ್ಬರ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂದು. ನೆಹರೂ ಯೋಜನಾ ಆಯೋಗದ ಕಾಗದ ಹಿಡಿದು, ಮೂರಾಣೆಯಲ್ಲ, ಹದಿನೈದಾಣೆ ಎಂದರು. ಆಹಾ, ಎಂಥ ಜಗಳ! ಸರ್ಕಾರವೇ ಬಡವನ ಜೇಬಿಗೆ ಕೈಹಾಕಿ ಆಣೆ ಎಣಿಸುವ ಹಾಗಾಯಿತು. ಹದಿನೈದಾಣೆಯೇ ನಿಜವೆಂದು ಇಟ್ಟುಕೊಂಡರೂ ನಾಚಿಕೆ ಯಾರದು? ಅದೂ ಅಣಕವೇ, ಅದೂ ಕಹಿಯೇ. ಆದರೆ ಅದರಲ್ಲಿ ನೆಹರೂ ಅವರ ಮೂಗಿಲ್ಲ, ಟೋಪಿಯಿಲ್ಲ, ಲೆಕ್ಕವಿದೆ. ಕಿರಾಣಿ ಅಂಗಡಿಯವನೂ ತನ್ನ ಉದ್ರಿ ಪುಸ್ತಕ ತೆಗೆದು ತಾಳೆ ನೋಡಬಹುದಾದ ಲೆಕ್ಕ.

ಮೂರಾಣೆಯಿಂದ ಗೊಂಬೆಗೆ ಇಳಿದದ್ದು ಒಂದು ಇಳಿತ. ಇನ್ನೂ ನೋವಿನ ಸಂಗತಿ ಬೇರೆ ಇದೆ. ಲೋಹಿಯಾರು ಹೇಳಿದ ಸಪ್ತಕ್ರಾಂತಿಯಲ್ಲಿ ಹೆಣ್ಣುಗಂಡಿನ ಸಮಾನತೆಯೂ ಒಂದು. ಸಾವಿತ್ರಿಯಲ್ಲ, ದ್ರೌಪದಿ ನಮ್ಮ ಹೆಣ್ಣಿಗೆ ಮಾದರಿ ಎಂದು ಬರೆದವರು ಅವರು. ಅಂಥವರ ಬಾಯಿಂದಲೇ ಒಬ್ಬ ಹೆಂಗಸಿಗೆ ಗೊಂಬೆ ಎಂಬ ಹೆಸರು! ನಮ್ಮ ಸಭೆಗಳನ್ನೇ ನೋಡಿ. ಹೆಂಗಸರು ಹಿಂದಿನ ಸಾಲಿನಲ್ಲಿ ಮೂಕರಾಗಿ ಕೂತಿರುತ್ತಾರೆ. ಅವರನ್ನು ಮೂಕರಾಗಿ ಇಟ್ಟವರು ಯಾರು? ವೇದಿಕೆ ಮೇಲೆ ತಡವರಿಸಿದ ಹೆಣ್ಣನ್ನು ಕಂಡು ನಾವು ನಕ್ಕಾಗ, ಹಿಂದಿನ ಸಾಲಿನವರಿಗೆ ಆ ನಗೆ ಯಾರ ಮೇಲೆಂದು ಚೆನ್ನಾಗಿ ಗೊತ್ತಾಗುತ್ತದೆ. ಮತಪೆಟ್ಟಿಗೆಯ ಮರೆಯಲ್ಲಿ ಅವರು ಮೂಕರಲ್ಲ.

ಇತ್ತ 1966ರ ಜೂನ್ 6ರಂದು ಅದೇ ಸರ್ಕಾರ ರೂಪಾಯಿಯ ಬೆಲೆ ಇಳಿಸಿತು. 4 ರೂಪಾಯಿ 76 ಪೈಸೆಗೆ ಸಿಗುತ್ತಿದ್ದ ಡಾಲರಿಗೆ 7 ರೂಪಾಯಿ 50 ಪೈಸೆ. ಹೊರದೇಶದಿಂದ ನೂರು ಡಾಲರಿನ ಸರಕು ತರಿಸುವವನಿಗೆ ರಾತ್ರೋರಾತ್ರಿ 274 ರೂಪಾಯಿ ಹೆಚ್ಚಿನ ಹೊರೆ. ನಮ್ಮವರು ಇದನ್ನು ವಿರೋಧಿಸಲಿಲ್ಲವೆಂದಲ್ಲ, ವಿರೋಧಿಸಿದರು. ಆದರೆ ಜನರ ಬಾಯಲ್ಲಿ ನಿಂತದ್ದು 274 ರೂಪಾಯಿಯಲ್ಲ, ಗೊಂಬೆ.

ಕಹಿ ಬಾಯಲ್ಲೇ ನಿಲ್ಲುವುದಿಲ್ಲ, ಕೈಗೂ ಇಳಿಯುತ್ತದೆ. 1967ರ ಫೆಬ್ರವರಿಯಲ್ಲಿ ಭುವನೇಶ್ವರದ ಚುನಾವಣಾ ಸಭೆಯಲ್ಲಿ ಕಲ್ಲು ಬಂದು ಆಕೆಯ ಮೂಗಿಗೆ ಬಡಿಯಿತು. ರಕ್ತ ಒರೆಸಿಕೊಂಡು ಆಕೆ ಪ್ರಚಾರ ಮುಂದುವರಿಸಿದರು. ಕಲ್ಲೆಸೆದವನು ಯಾವ ಪಕ್ಷದವನಾದರೂ ಆಗಿರಲಿ, ಆ ದಿನ ಆಕೆಗೆ ಮತ ಕೂಡಿಸಿಕೊಟ್ಟವನು ಅವನೇ.

ಆ ಚುನಾವಣೆಯಲ್ಲಿ ಕಾಂಗ್ರೆಸ್ 283ಕ್ಕೆ ಇಳಿಯಿತು, ನಮ್ಮ ಸಂಯುಕ್ತ ಸೋಷಲಿಸ್ಟ್ ಪಕ್ಷಕ್ಕೆ 23 ಸ್ಥಾನ ಬಂತು. ಅಕ್ಟೋಬರಿನಲ್ಲಿ ಲೋಹಿಯಾ ತೀರಿಕೊಂಡರು. ಗೊಂಬೆ ಏನು ಮಾಡಬಲ್ಲದೆಂಬುದನ್ನು ನೋಡಲು ಅವರು ಉಳಿಯಲಿಲ್ಲ. 1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣ. ನಾವು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದ ಬೇಡಿಕೆಯನ್ನು ಆಕೆ ಒಂದು ಸಂಜೆ ಎತ್ತಿಕೊಂಡು ಹೋದರು. ಗದ್ದುಗೆಗೇರಿಸಿದ ಕುಳಗಳನ್ನೇ ಆ ವರ್ಷ ಪಕ್ಷ ಒಡೆದು ಬದಿಗೆ ತಳ್ಳಿದರು. ನಮ್ಮ ನಿಜಲಿಂಗಪ್ಪನವರೂ ಆ ಬದಿಗೇ ಸರಿದರು.

ಆಗ ನಾವು ಮಾಡಿದ್ದೇನು? ಹೇಳುವುದಕ್ಕೆ ನಾಚಿಕೆಯಾಗುತ್ತದೆ. 1971ರಲ್ಲಿ ನಮ್ಮವರು ಹಳೆಯ ಕಾಂಗ್ರೆಸ್ಸಿನ ಕುಳಗಳ ಜೊತೆ, ಜನಸಂಘದ ಜೊತೆ, ರಾಜಮಹಾರಾಜರೂ ಗಿರಣಿ ಮಾಲೀಕರೂ ಪೋಷಿಸಿದ ಸ್ವತಂತ್ರ ಪಕ್ಷದ ಜೊತೆ ಒಂದೇ ಪಂಕ್ತಿಯಲ್ಲಿ ಕೂತರು. ಈ ಕೂಟಕ್ಕೆ ಇದ್ದ ಕಾರ್ಯಕ್ರಮ ಒಂದೇ: ಇಂದಿರಾ ಹಟಾವೋ. ಆಕೆ ಉತ್ತರವಾಗಿ ಎರಡೇ ಮಾತು ಹೇಳಿದರು: ಗರೀಬಿ ಹಟಾವೋ. ಬಡತನದ ಮಾತು ನಮ್ಮದು, ಮೂರಾಣೆಯ ಲೆಕ್ಕ ನಮ್ಮದು. ಅದನ್ನು ಆಕೆಯ ಕೈಗೆ ಕೊಟ್ಟು ನಾವು ಒಬ್ಬ ಹೆಂಗಸಿನ ಮೇಲಿನ ಸಿಟ್ಟನ್ನು ಇಟ್ಟುಕೊಂಡೆವು. ಆಕೆಗೆ 352 ಸ್ಥಾನ. 23 ಇದ್ದ ನಮಗೆ ಮೂರು.

ಬಡತನ ಹೋಯಿತೇ? ಅದು ನಿಮ್ಮ ಅಡಿಗೆಮನೆಗೆ ಗೊತ್ತು. 1974ರ ಮೇ 8ರಂದು ಮಂಗಳೂರಿನ ಮಗ ಜಾರ್ಜ್ ಫರ್ನಾಂಡಿಸರ ಮುಂದಾಳುತನದಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ, ಇಪ್ಪತ್ತು ದಿನ ಸಾವಿರಾರು ಜನರನ್ನು ಸೆರೆಮನೆಗೆ ತಳ್ಳಿ ಅದನ್ನು ಮುರಿದದ್ದು ಇದೇ 'ಗೊಂಬೆ'. 1975ರ ಜೂನ್ 25ರ ರಾತ್ರಿ ಇಡೀ ದೇಶದ ಬಾಯಿಗೆ ಬೀಗ ಬಿತ್ತು. ಮೂಕರಾದವರು ನಾವು! 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ, ನಮ್ಮ ಸಮಾಜವಾದಿ ಬಳಗದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರಿನ ಸೆರೆಮನೆಗೆ ಹಾಕಿದರು. ಆಕೆಗೆ ಉಬ್ಬಸ. ಉಸಿರಿಗೆ ಒದ್ದಾಡುತ್ತಾ ತಿಂಗಳುಗಟ್ಟಲೆ ಒಳಗಿದ್ದು, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಗೊಂಬೆ ಎಂದು ನಕ್ಕ ಕಣ್ಣಿಗೆ ಪೊಲೀಸು, ಕಾನೂನು, ಸೆರೆಮನೆಯ ಬೀಗದ ಕೈ ಎಲ್ಲ ಯಾರ ಸೊಂಟದಲ್ಲಿವೆ ಎಂಬುದು ಕಾಣಿಸಿರಲಿಲ್ಲ. ನಗೆ ಆಕೆಗೆ ಗಾಯ ಮಾಡಿತೋ ಇಲ್ಲವೋ ತಿಳಿಯದು. ನಮ್ಮ ಕಣ್ಣಿಗೆ ಮಾತ್ರ ಬಟ್ಟೆ ಕಟ್ಟಿತು.

ಭಟ್ಟಂಗಿಗಳನ್ನು ಇಲ್ಲಿ ಬಿಟ್ಟುಬಿಡಬಾರದು. ಕಾಂಗ್ರೆಸ್ ಅಧ್ಯಕ್ಷ ದೇವಕಾಂತ ಬರೂವಾ, ಇಂದಿರಾ ಎಂದರೆ ಇಂಡಿಯಾ ಎಂದುಬಿಟ್ಟರು. ಒಬ್ಬರು ಗೊಂಬೆ ಎಂದರು, ಇನ್ನೊಬ್ಬರು ದೇಶವೇ ಎಂದರು. ಇಬ್ಬರೂ ನೋಡುತ್ತಿದ್ದದ್ದು ಆಕೆಯ ಮುಖವನ್ನೇ, ನಿಮ್ಮ ಪಡಿತರ ಚೀಟಿಯನ್ನಲ್ಲ. 1978ರಲ್ಲಿ ಆಕೆ ನಮ್ಮ ಚಿಕ್ಕಮಗಳೂರಿಗೇ ಬಂದು ನಿಂತಾಗ, ಒಂದು ಸಿಂಹಿಣಿಗೆ ನೂರು ಮುಸುವಗಳು ಎಂದು ಅವರ ಕಡೆಯವರು ಘೋಷಣೆ ಕಟ್ಟಿದರು. ಗೊಂಬೆ ಸಿಂಹಿಣಿಯಾಯಿತು, ನಕ್ಕವರು ಮುಸುವಗಳಾದರು. ವೀರೇಂದ್ರ ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಕಾಫಿ ತೋಟದ ಕೂಲಿ ಹೆಣ್ಣಾಳಿನ ದಿನಗೂಲಿ ಎಷ್ಟೆಂಬುದು ಯಾವ ಕಡೆಯ ಘೋಷಣೆಯಲ್ಲಿತ್ತು?

ಇನ್ನು ನಮ್ಮ ಲಾವಣಿಕಾರ ಸಂಗಾತಿಗೆ. ನಿಮ್ಮ ಪ್ರಾಸ ಗಟ್ಟಿಯಾಗಿದೆ, ನಿಮ್ಮ ಸಿಟ್ಟು ನಮ್ಮದೂ ಹೌದು. ಲಾವಣಿಯನ್ನು ವಾಪಸು ಕಳಿಸಿದ್ದೇವೆ. ಜೊತೆಗೆ ಆ ಧುರೀಣರು ನಾಮಪತ್ರದೊಡನೆ ಸಲ್ಲಿಸಿದ ಆಸ್ತಿಯ ಪ್ರಮಾಣಪತ್ರದ ಪ್ರತಿಯನ್ನೂ ಗಿರಣಿ ಬಾಗಿಲಿನಲ್ಲಿ ಅವರು ಹಂಚಿದ ಕರಪತ್ರವನ್ನೂ ಇಟ್ಟಿದ್ದೇವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ತೊದಲು ಬಿಟ್ಟುಬಿಡಿ, ಆಕೆಯ ಸೀರೆ ಬಿಟ್ಟುಬಿಡಿ. ಬುಧವಾರ ಸಂಜೆಯೊಳಗೆ ಬಂದರೆ ಮುಂದಿನ ಸಂಚಿಕೆಯ 3ನೆಯ ಪುಟದಲ್ಲಿ ಜಾಗ ಕಾದಿಟ್ಟಿದ್ದೇವೆ. ಹನ್ನೆರಡಲ್ಲ, ಇಪ್ಪತ್ತು ನುಡಿಯಾದರೂ ಸರಿ.