ಕಂಪನಿ ಯಾವುದು, ಕೈ ಯಾರದು

ಗ್ರಾಂಟ್ ರೋಡ್ ಸ್ಟೇಷನ್ನಿಂದ ಪೂರ್ವಕ್ಕೆ ನಡೆದು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಹೊಕ್ಕರೆ, ಹಳೆಯ ಸಾಮಾನು ಕೊಳ್ಳುವವರ ಬಾಯಲ್ಲಿ ಎರಡೇ ಪ್ರಶ್ನೆ: ಯಾವ ಕಂಪನಿ, ಯಾವ ಇಸವಿ? ಗಡಿಯಾರಕ್ಕೂ ಗ್ರಾಮಫೋನಿಗೂ ಅಷ್ಟು ಸಾಕು. ಬಂದೂಕಿನ ಚರಿತ್ರೆಯನ್ನೂ ಬಹುಪಾಲು ಹೀಗೆಯೇ ಬರೆದಿದ್ದಾರೆ. ಅಲ್ಲಿ ಮೂರನೆಯ ಪ್ರಶ್ನೆಯೊಂದು ಬೇಕು: ಯಾರ ಕೈಗೆ ಕೊಟ್ಟರು, ಯಾವಾಗ ಕೊಟ್ಟರು?

ಹತ್ತೊಂಬತ್ತನೇ ಶತಮಾನದ ನಡುವೆ, ನಳಿಗೆಯ ಬಾಯಿಂದ ಮದ್ದು ತುರುಕುವುದನ್ನು ಬಿಟ್ಟು ಹಿಂಬದಿಯಿಂದ ತೋಟೆ ತುಂಬುವ ಒಂಟಿಗುಂಡಿನ ರೈಫಲ್ಲುಗಳ ಹಿಂದೆ ಅಮೆರಿಕನ್ನರು ಬಿದ್ದಿದ್ದರು. ಅವರಲ್ಲೊಬ್ಬ ಜೇಕಬ್ ಸ್ನೈಡರ್. ಬ್ರಿಟಿಷರ ಹಳೆಯ ಎನ್‌ಫೀಲ್ಡಿನ ಹಿಂಬದಿ ಕೊಯ್ದು ಅಲ್ಲಿ ಪಕ್ಕಕ್ಕೆ ತೆರೆಯುವ ಮುಚ್ಚಳ ಕೂರಿಸುವ ಉಪಾಯ ಅವನದು. 1866ರಲ್ಲಿ ಬ್ರಿಟನ್ ಅದನ್ನು ಒಪ್ಪಿತು. ಅದೇ ವರ್ಷ ಅವನು ಹಣಕ್ಕೆ ಕಾಯುತ್ತ ಸಾಲದಲ್ಲೇ ಸತ್ತ. ಹೆಸರಾದರೂ ಉಳಿಯಿತು. ಬಾಸ್ಟನ್ನಿನ ಹೆನ್ರಿ ಪೀಬಾಡಿಗೆ ಅದೂ ಇಲ್ಲ. ಅವನು 1862ರಲ್ಲಿ ಪೇಟೆಂಟ್ ಪಡೆದ ಸನ್ನೆಯ ರೈಫಲ್ಲನ್ನು ಸ್ವಿಟ್ಜರ್ಲೆಂಡಿನ ಮಾರ್ಟಿನಿ ತಿದ್ದಿದ, ಎಡಿನ್‌ಬರೋದ ಹೆನ್ರಿಯ ನಳಿಗೆ ಸೇರಿತು. 1871ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಬಂದದ್ದು ‘ಮಾರ್ಟಿನಿ-ಹೆನ್ರಿ’.

ಇತ್ತ ಬಾಂಬೆ ಪ್ರೆಸಿಡೆನ್ಸಿಯ ಕನ್ನಡ ಸೀಮೆಯಲ್ಲಿ ಮೂರನೆಯ ಪ್ರಶ್ನೆ ಆಗಲೇ ಎದ್ದಿತ್ತು. 1857ರಲ್ಲಿ ಹತಾರ ಒಪ್ಪಿಸಬೇಕೆಂಬ ಕಾನೂನು ಬಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಸೈನ್ಯ ಬಂತು, ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಮುಂದೆ ಅಚ್ಚು ಮಾಡಿಸಿದವನು ಅದೇ ಸರ್ಕಾರದ ಅಧಿಕಾರಿ ಫ್ಲೀಟ್ ಎಂಬುದು ಬೇರೆ ಮಾತು.

ಸರ್ಕಾರದ ಸಂಬಳದ ಸಿಪಾಯಿಯ ಮೇಲೂ ಅದೇ ಅನುಮಾನ. ದಂಗೆಯ ನಂತರ ಅವನಿಗೆ ನಳಿಗೆಯೊಳಗಿನ ಸುರುಳಿಗೆರೆ ಇಲ್ಲದ, ನುಣುಪಾಗಿಸಿದ ಎನ್‌ಫೀಲ್ಡ್ ಮಾದರಿ ಕೊಟ್ಟರು. ಗೋರಾ ಸೈನಿಕನ ಕೈಗೆ ಮಾರ್ಟಿನಿ ಬಂದ ಮೇಲೆ ಇವನಿಗೆ ಸ್ನೈಡರ್. 1880ರ ಜುಲೈ 27ರಂದು ಅಫ್ಘಾನಿಸ್ತಾನದ ಮೈವಾಂದಿನಲ್ಲಿ ಎರಡೂ ಒಂದೇ ಸಾಲಿನಲ್ಲಿ ನಿಂತವು: ಇಂಗ್ಲಿಷ್ 66ನೇ ರೆಜಿಮೆಂಟಿನ ಬಳಿ ಮಾರ್ಟಿನಿ, ಬಾಂಬೆ ಗ್ರೆನೇಡಿಯರ್ಸ್ ಮತ್ತು ಜೇಕಬ್ಸ್ ರೈಫಲ್ಸ್ ಬಳಿ ಸ್ನೈಡರ್. ಮಾರ್ಟಿನಿಯ ಸನ್ನೆ ಕೆಳಕ್ಕೆಳೆದರೆ ಖಾಲಿ ತೋಟೆ ತಾನೇ ಹಾರುತ್ತದೆ. ಸ್ನೈಡರಿನಲ್ಲಿ ಬಂದೂಕನ್ನೇ ಮಗುಚಿ ಬೀಳಿಸಬೇಕು. ಗುಂಡು ಹೋಗುವ ದೂರದಲ್ಲೂ ಸ್ನೈಡರ್ ಹಿಂದೆ.

ಸೋತದ್ದು ಬಂದೂಕಿನಿಂದಲೇ ಎನ್ನುವುದು ಅತಿಯಾದೀತು. ಅಯೂಬ್ ಖಾನನ ಫಿರಂಗಿಗಳು ಹೆಚ್ಚಿದ್ದವು, ಬಿಸಿಲಿತ್ತು, ನೀರಿರಲಿಲ್ಲ. ಆದರೆ ಸುಮಾರು ಎರಡೂವರೆ ಸಾವಿರ ಜನರಲ್ಲಿ ಒಂಬೈನೂರಕ್ಕೂ ಹೆಚ್ಚು ಮಂದಿ ಸತ್ತ ಆ ದಿನದ ದೂರು ಬಿದ್ದದ್ದು ಬಾಂಬೆ ಸಿಪಾಯಿಗಳ ಎದೆಗಾರಿಕೆಯ ಮೇಲೆ. ‘ಕ್ಷಾತ್ರ ಜನಾಂಗ’ಗಳ ಪಟ್ಟಿ ಮಾಡಹೊರಟವರಿಗೆ ಅದು ಅನುಕೂಲವೂ ಆಯಿತು. ಆ ಸಿಪಾಯಿಗೆ ಕೊಟ್ಟ ಹತಾರ ಯಾವುದೆಂದು ಕೇಳದೆ ಅವನ ಧೈರ್ಯವನ್ನು ಅಳೆದದ್ದು ಅನ್ಯಾಯ. ಪೀಬಾಡಿಯ ಸನ್ನೆ ಸಿಪಾಯಿಯ ಪಾಲಿಗೆ ಬರುವ ಹೊತ್ತಿಗೆ ಗೋರಾ ಪಲ್ಟನ್ನುಗಳು ಒಂದೇ ಸಲ ಎಂಟು ಗುಂಡು ಹಿಡಿಯುವ ಲೀ-ಮೆಟ್‌ಫರ್ಡಿನ ಕಡೆ ಹೊರಳಿದ್ದವು.