ಮೈಯ ಮಾತಿಗೆ ಬಾಯಿ ಕಟ್ಟುವ ಸುಗಂಧ

ಬೆಳಗಾವಿಯ ರವಿವಾರ ಪೇಟೆ ದಿನಸಿಯ ಸಗಟು ವ್ಯಾಪಾರಕ್ಕೆ ಹೆಸರಾದದ್ದು. ಅಂತಹ ಪೇಟೆಯಲ್ಲಿ ಸರಕಿನ ಗುಣವನ್ನು ತಕ್ಕಡಿಗಿಂತ ಮೊದಲೇ ಮೂಗು ಅಳೆಯುತ್ತದೆ. ಬೆಲ್ಲ, ಮೆಣಸಿನಕಾಯಿ, ಅಕ್ಕಿಗಳು ತಮ್ಮ ಹಳತು ಹೊಸತನ್ನು ವಾಸನೆಯಿಂದಲೇ ಸಾರುತ್ತವೆ. ಅಕ್ಕಿಗೆ ಯಾರಾದರೂ ಅತ್ತರು ಸಿಂಪಡಿಸಿ ಮಾರಿದರೆ ಖಾನಾಪುರದ ರೈತ ಅದನ್ನು ಮೋಸವೆಂದೇ ಕರೆಯುತ್ತಾನೆ. ಅದೇ ಕೆಲಸವನ್ನು ಮನುಷ್ಯನ ಮೈಗೆ ಮಾಡಿದರೆ ಮಾತ್ರ ನಾಗರಿಕತೆ ಎನಿಸಿಕೊಳ್ಳುವುದು ಹೇಗೆ?

ಮೈವಾಸನೆ ಕೇವಲ ಕೊಳೆಯಲ್ಲ, ಅದೊಂದು ಗುರುತು. ಕಂಕುಳ ಗ್ರಂಥಿಗಳ ಸ್ರಾವಕ್ಕೆ ಮೊದಲು ಹೆಚ್ಚಿನ ವಾಸನೆಯೇ ಇರುವುದಿಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅದನ್ನು ವಿಭಜಿಸಿದಾಗ ಗಂಧ ಹುಟ್ಟುತ್ತದೆ. ವಂಶ, ಆಹಾರ, ಆರೋಗ್ಯಗಳೆಲ್ಲ ಅದರಲ್ಲಿ ತಮ್ಮ ಮುದ್ರೆಯೊತ್ತುತ್ತವೆ. ಹಸು ಕರುವನ್ನು ಮೂಸಿಯೇ ತನ್ನದೆಂದು ಅರಿಯುವುದನ್ನು ಮಲೆನಾಡಿನ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಮನುಷ್ಯನೂ ಈ ನಿಯಮಕ್ಕೆ ಹೊರತಲ್ಲ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಾಯಂದಿರ ಒಂದು ಸ್ತನವನ್ನು ಮಾತ್ರ ತೊಳೆದು, ಆಗತಾನೆ ಹುಟ್ಟಿದ 30 ಶಿಶುಗಳನ್ನು ಎದೆಯ ಮೇಲೆ ಮಲಗಿಸಲಾಯಿತು. 22 ಶಿಶುಗಳು ತೊಳೆಯದ ಸ್ತನವನ್ನೇ ಆರಿಸಿಕೊಂಡವು. ಕಣ್ಣು ಇನ್ನೂ ಸರಿಯಾಗಿ ಕಾಣದ ಜೀವಕ್ಕೆ ತಾಯಿಯ ವಾಸನೆಯೇ ದಾರಿದೀಪ.

1995ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಕ್ಲಾಸ್ ವೆಡೆಕಿಂಡ್, ಪುರುಷರು ಎರಡು ರಾತ್ರಿ ತೊಟ್ಟ ಅಂಗಿಗಳನ್ನು ಮಹಿಳೆಯರಿಗೆ ಮೂಸಲು ಕೊಟ್ಟರು. ಗರ್ಭನಿರೋಧಕ ಮಾತ್ರೆ ಸೇವಿಸದ ಮಹಿಳೆಯರು, ತಮಗಿಂತ ಭಿನ್ನವಾದ ರೋಗನಿರೋಧಕ ವಂಶವಾಹಿಗಳುಳ್ಳವರ ವಾಸನೆಯನ್ನು ಹೆಚ್ಚು ಮೆಚ್ಚಿದರು. ಅನಂತರದ ಪ್ರಯೋಗಗಳೆಲ್ಲವೂ ಇದೇ ಫಲ ಕೊಟ್ಟಿಲ್ಲ, ನಿಜ. ಆದರೆ ಒಂದು ಸಂಗತಿ ಗಮನಾರ್ಹ. ಮೈಯ ಮಾತನ್ನು ಕೇಳಬೇಕಾದಾಗ ವಿಜ್ಞಾನಿಗಳು ಮೊದಲು ದೂರವಿಟ್ಟದ್ದು ಸುಗಂಧವನ್ನೇ.

ಸುಗಂಧದ ಪರವಾದ ವಾದವೂ ಇದೆ. ಜನರು ತಾವೇ ಆರಿಸಿಕೊಂಡ ಪರಿಮಳ ಅವರ ಮೈವಾಸನೆಯೊಡನೆ, ಇತರರು ಕೊಟ್ಟ ಪರಿಮಳಕ್ಕಿಂತ ಚೆನ್ನಾಗಿ ಬೆರೆಯುತ್ತದೆ ಎಂದು 2012ರ ಒಂದು ಅಧ್ಯಯನ ತೋರಿಸಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ ಇದು: ಇಂದು ಆರಿಸುತ್ತಿರುವುದು ಮೂಗೋ, ಜಾಹೀರಾತೋ? ಮುಡಿಯ ಮಲ್ಲಿಗೆ ಸಂಜೆಗೆ ಬಾಡುತ್ತದೆ, ತೇಯ್ದ ಗಂಧ ಮೈಶಾಖದಲ್ಲಿ ಮೆಲ್ಲಗೆ ಆರುತ್ತದೆ. ಡಬ್ಬಿಯ ಡಿಯೋಡರಂಟ್ ಸಾವಿರಾರು ಮೈಗಳಿಗೆ ಒಂದೇ ವಾಸನೆ ಬಳಿಯುತ್ತದೆ. ವೈವಿಧ್ಯದ ಕಾಡನ್ನು ಕಡಿದು ನೀಲಗಿರಿ ನೆಟ್ಟದ್ದನ್ನು ಕಂಡವರಿಗೆ ಈ ಏಕಬೆಳೆಯ ನೀತಿ ಹೊಸದಲ್ಲ.

ಈ ವ್ಯಾಪಾರದ ನಿಜವಾದ ಬಂಡವಾಳ ನಾಚಿಕೆ. ಮೂಟೆ ಹೊರುವ ಹಮಾಲನ, ನಾಟಿ ಮಾಡುವ ಹೆಣ್ಣಿನ ಬೆವರು ಅಸಹ್ಯವೆಂದು ಮೊದಲು ನಂಬಿಸಬೇಕು. ಆಮೇಲೆ ಅದಕ್ಕೆ ಮದ್ದು ಮಾರಬೇಕು. ದುಡಿಮೆಯ ವಾಸನೆಗೆ ಹೇಸುವವನು ದುಡಿಯುವವನಿಗೂ ಹೇಸಲು ಕಲಿಯುತ್ತಾನೆ. ಆಗ ಮುರಿದುಬೀಳುವುದು ಮೈಯ ಮಾತಷ್ಟೇ ಅಲ್ಲ, ಮನುಷ್ಯರ ನಡುವಣ ಮಾತುಕತೆಯೇ.

ಡಬ್ಬಿಯ ಮೇಲಿನ ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಅಡಗಿರಬಹುದು. ಕೃತಕ ಕಸ್ತೂರಿಯ ಒಂದು ಬಗೆಯಾದ ಮಸ್ಕ್ ಕ್ಸೈಲೀನ್, 1990ರ ದಶಕದಲ್ಲಿ ಜರ್ಮನಿಯ ತಾಯಂದಿರ ಎದೆಹಾಲಿನಲ್ಲೇ ಪತ್ತೆಯಾಯಿತು. ಸುಲಭವಾಗಿ ಕೊಳೆಯದೆ ಜೀವಿಗಳ ಮೈಯಲ್ಲಿ ಶೇಖರವಾಗುವ ಈ ವಸ್ತುವನ್ನು ಐರೋಪ್ಯ ಒಕ್ಕೂಟ 2008ರಲ್ಲಿ ಅತಿ ಕಳವಳಕಾರಿ ವಸ್ತುಗಳ ಪಟ್ಟಿಗೆ ಸೇರಿಸಿತು. ಸ್ನಾನದ ನೀರಿನಲ್ಲಿ ಹರಿದುಹೋದ ಇಂತಹ ವಸ್ತುಗಳು ಕೊನೆಗೆ ಸೇರುವುದು ಹಳ್ಳ ಹೊಳೆಗಳನ್ನೇ.

ಶುಚಿತ್ವ ಬೇಡವೆಂದು ಯಾರೂ ಹೇಳುತ್ತಿಲ್ಲ. ನೀರು, ಸೀಗೆ, ಕಡಲೆಹಿಟ್ಟು ಕೊಳೆಯನ್ನು ತೆಗೆಯುತ್ತವೆ, ಗುರುತನ್ನು ಅಳಿಸುವುದಿಲ್ಲ. ಬಾಣಂತಿಯ ಕೋಣೆಗೆ ಸುಗಂಧದ ಡಬ್ಬಿ ಹೋಗದಿರಲಿ, ಹಸುಗೂಸಿನ ಮೈಗೆ ಪರಿಮಳದ ಪುಡಿ ಬೀಳದಿರಲಿ. ಕಾಲೇಜಿಗೆ ಹೊರಟ ತರುಣ ತರುಣಿಯರು ಡಬ್ಬಿ ಕೊಳ್ಳುವ ಮೊದಲು ತಮಗೆ ನಾಚಿಕೆಯನ್ನು ಕಲಿಸಿದವರು ಯಾರು, ಅದರಿಂದ ಲಾಭ ಯಾರಿಗೆ ಎಂದು ಕೇಳಿಕೊಳ್ಳಲಿ. ತನ್ನ ಮೈಯನ್ನೇ ನಂಬದ ಸಮಾಜ ನೆಲ ಜಲಗಳನ್ನು ನಂಬಿ ಉಳಿಸಿಕೊಂಡೀತೆ?