ಹಳೆಯ ಜೀಪಿಗೆ ಹೊಸ ಬ್ರೇಕು: ಮೊದಲು ಯಾವುದು?

ಅಡಿಕೆ ಕೊಯ್ಲು ಬಂತೆಂದರೆ ಹಾನಗಲ್ಲ, ಹಿರೇಕೆರೂರು, ಶಿಗ್ಗಾಂವಿ, ಸವಣೂರು ಭಾಗದ ಬೆಳೆಗಾರರ ಹಳೆಯ ಜೀಪುಗಳಿಗೆ ಪುರಸೊತ್ತಿಲ್ಲ. ಬೆಳಿಗ್ಗೆ ಆಳುಗಳು, ಸಂಜೆ ಗೊನೆ, ಒಣಗಿದ ಮೇಲೆ ಶಿರಸಿ ಪೇಟೆಗೆ ಚೀಲ. ಇಂಜಿನ್ ಆಯಿಲ್ ಮರೆಯದ ನಾವು ಬ್ರೇಕನ್ನು ಮಾತ್ರ ಅದು ಕೈಕೊಡುವ ತನಕ ನೆನೆಯುವುದಿಲ್ಲ.

ನಮಗೆ ಈ ಪಾಠ ಕಲಿಸಿದ್ದು ದೇವಿಮನೆ ಘಟ್ಟ. ಕೆಲವು ವರ್ಷಗಳ ಹಿಂದೆ ಶಿರಸಿಯಿಂದ ಕುಮಟೆಗೆ ಇಳಿಯುವಾಗ ಹಿಂದಿನ ಹೋಸ್ ಪೈಪು ಒಡೆದು ಪೆಡಲು ನೆಲ ಮುಟ್ಟಿತು. ಎರಡನೇ ಗೇರಿನಲ್ಲಿದ್ದುದರಿಂದ ಹ್ಯಾಂಡ್‌ಬ್ರೇಕು ಎಳೆದು, ಗುಡ್ಡದ ಬದಿಗೆ ಒರೆಸಿ ನಿಲ್ಲಿಸಿದೆವು. ಹಿಂದೆ ಐದು ಜನ ಆಳುಗಳು ಕುಳಿತಿದ್ದರು.

ಹಳೆಯ ಜೀಪುಗಳಲ್ಲಿ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರಕ್ಕೆ ಒಂದೇ ಮಾರ್ಗ. ಎಲ್ಲಿ ಒಡೆದರೂ ನಾಲ್ಕೂ ಹೋದವು. ಟ್ಯಾಂಡಮ್ ಸಿಲಿಂಡರಿನಲ್ಲಿ ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಮಾರ್ಗ. ಒಂದು ಕೆಟ್ಟರೆ ಇನ್ನೊಂದು ಕಾಯುತ್ತದೆ. ಅಮೇರಿಕೆಯಲ್ಲಿ 1968ರಿಂದಲೇ ಹೊಸ ಕಾರುಗಳಿಗೆ ಇಂಥ ಇಬ್ಬಗೆಯ ವ್ಯವಸ್ಥೆ ಕಡ್ಡಾಯವಾಯಿತು.

ಈಗ ಗ್ಯಾರೇಜಿಗೆ ಹೋದವರೆಲ್ಲ ಮೊದಲು ಕೇಳುವುದು ಡಿಸ್ಕ್ ಬ್ರೇಕು, ಬೂಸ್ಟರು. ಎರಡೂ ಒಳ್ಳೆಯವೇ. ಆದರೆ ಡಿಸ್ಕಿಗೆ ತಕ್ಕ ಅಳತೆಯ ಮಾಸ್ಟರ್ ಸಿಲಿಂಡರ್ ಇಲ್ಲದಿದ್ದರೆ ಪೆಡಲು ಆಳಕ್ಕೆ ಹೋದೀತು, ಇಲ್ಲವೆ ಕಲ್ಲಿನಂತಾದೀತು. ಡೀಸೆಲ್ ಇಂಜಿನ್ನಿಗೆ ಬೂಸ್ಟರ್ ಕೂಡಿಸಿದರೆ ವ್ಯಾಕ್ಯೂಮ್ ಪಂಪೂ ಬೇಕು. ಇನ್ನು ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನ್ ಬಂದು ಮಾಡುವವರಿಗೆ, ಎರಡು ಮೂರು ಸಲ ತುಳಿಯುವುದರೊಳಗೆ ಬೂಸ್ಟರಿನ ಬಲ ತೀರಿಹೋಗುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಕ್ರಮ ಹೀಗಿರಬೇಕು. ಮೊದಲು ಹೋಸ್ ಪೈಪು, ವೀಲ್ ಸಿಲಿಂಡರಿನ ರಬ್ಬರು, ಬ್ರೇಕ್ ಆಯಿಲ್ ಹೊಸತಾಗಲಿ. ಈ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸತಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದದ್ದು 140ರ ಸುಮಾರಿಗೇ ಕುದಿಯಬಹುದು. ಘಟ್ಟದ ಕಾವಿಗೆ ಅದು ಆವಿಯಾದರೆ ಪೆಡಲು ಟೊಳ್ಳು. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಎರಡನೆಯದು ಟ್ಯಾಂಡಮ್ ಸಿಲಿಂಡರ್. ಹಣ ಉಳಿದರೆ ಡಿಸ್ಕು, ಬೂಸ್ಟರು.

"ಗಾಡಿಯೇ ಹಳೆಯದು, ಅದಕ್ಕೇಕೆ ಖರ್ಚು?" ಎನ್ನುವ ಸದಸ್ಯರಿದ್ದಾರೆ. ಹೊಸ ಗಾಡಿ ಕೊಳ್ಳಲಾಗದವರೇ ನಮ್ಮಲ್ಲಿ ಹೆಚ್ಚು. ಅದೇ ಹಳೆಯ ಗಾಡಿಯಲ್ಲೇ ನಮ್ಮ ಆಳುಗಳೂ ಮಕ್ಕಳೂ ಕೂರುತ್ತಾರೆ. ಪಂಪ್‌ಸೆಟ್ಟಿಗೆ ಸಾಲ ಕೊಡುವ ಸಂಘ ಬ್ರೇಕಿಗೂ ಸಣ್ಣ ಸಾಲ ಕೊಡಬಾರದೇಕೆ? ಮುಂದಿನ ಸರ್ವಸಾಧಾರಣ ಸಭೆಯ ಮುಂದೆ ಈ ಸೂಚನೆ ಇಡಲಿದ್ದೇವೆ. ಸದಸ್ಯರು ತಮ್ಮ ಅನಿಸಿಕೆಯನ್ನು ಕೊಯ್ಲಿಗೆ ಮುಂಚೆಯೇ ಕಚೇರಿಗೆ ಬರೆದು ತಿಳಿಸಬೇಕೆಂದು ವಿನಂತಿ.